ಒಂಬತ್ತು ಶನಿವಾರ

ಕಮಲಾಪುರದಲ್ಲಿ ಬಸ್ಸು ಹತ್ತಿದ ಮೇಲೆ ಮೊದಲ ಹತ್ತು ನಿಮಿಷ ನಾನು ಯಾರ ಜೊತೆಗೂ ಮಾತಾಡುವುದಿಲ್ಲ. ಕಿಟಕಿ ಪಕ್ಕ ಕೂತು ನೋಟ್‌ಬುಕ್ ತೆಗೆದು ದಿನದ ಸಂಖ್ಯೆ ಬರೆಯುತ್ತೇನೆ. ತಾರೀಕು ಕೆಳಗೆ ಸಣ್ಣದಾಗಿ ಇರುತ್ತದೆ. ಮೇಲೆ ದೊಡ್ಡದಾಗಿ ಇರುವುದು ಬೇರೆಯೇ ಎಣಿಕೆ. ಮೊಬೈಲಿನಲ್ಲಿರುವ ಒಂದು ಗುಂಪಿಗೆ ಸೇರಿದ ದಿನವನ್ನು ಒಂದು ಎಂದು ಹಿಡಿದು ಅಲ್ಲಿಂದ ಎಣಿಸುತ್ತ ಬಂದಿದ್ದೇನೆ. ಇಲ್ಲಿ ಹೇಳಲು ಹೊರಟಿರುವ ಸೋಮವಾರ ಅದರಲ್ಲಿ ನೂರಾ ಮೂವತ್ತನಾಲ್ಕನೆಯದು.

ಬಸ್ಸು ಊರು ದಾಟುವಾಗ ರಸ್ತೆ ಬದಿಯ ಅಂಗಡಿಗಳಲ್ಲಿ ಕೆಂಪು ಬಾಳೆಗೊನೆಗಳು ತೂಗಾಡುತ್ತಿರುತ್ತವೆ. ಬೆಳಗಿನ ಮಸುಕಿನಲ್ಲಿ ಅವು ಹಣ್ಣಿನ ಹಾಗೆ ಕಾಣುವುದಿಲ್ಲ, ಯಾರೋ ಹಚ್ಚಿಟ್ಟು ಆರಿಸಲು ಮರೆತ ದೀಪಗಳ ಹಾಗೆ ಕಾಣುತ್ತವೆ. ಆಮೇಲೆ ತೊಗರಿ ಹೊಲ. ಹೊಲದ ಮೇಲೆ ತೆಳ್ಳನೆ ಮಂಜು. ಬಸ್ಸಿನಲ್ಲಿ ಅರ್ಧ ಜನ ಮತ್ತೆ ನಿದ್ದೆ ಹೋಗಿರುತ್ತಾರೆ. ಒಬ್ಬೊಬ್ಬರ ತಲೆಯೊಳಗೆ ಒಂದೊಂದು ಊರು ನಡೆದಿರುತ್ತದೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಎಲ್ಲ ಊರುಗಳನ್ನೂ ಹೊತ್ತು ಓಡುವುದು ಒಂದೇ ಇಂಜಿನ್. ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಈ ಬಸ್ಸನ್ನು ತೋರಿಸಬೇಕು ಅನ್ನಿಸುತ್ತದೆ.

ಅವ್ವ ಕೇಳಿದಾಗ ಬಸ್ಸು ಹೊಳೆದಿರಲಿಲ್ಲ.

"ಒಂದು ದೊಡ್ಡ ಕಂಪ್ಯೂಟರ್ ಇರತದವ್ವ. ಅದರೊಳಗ ನಾಕು ಕಂಪ್ಯೂಟರ್ ಇದ್ದಂಗ ಮಾಡಿರತೀವಿ. ಒಂದೊಂದಕ್ಕೂ ತಾನ ಬ್ಯಾರೆ ಅಂತ ತಿಳದಿರತದ."

"ಅಂದ್ರ ಒಂದ ಮನಿಯೊಳಗ ನಾಕು ಸೊಸ್ತೇರು," ಎಂದಳು ಅವ್ವ, ರೊಟ್ಟಿ ತಟ್ಟುತ್ತ.

"ಹಂಗ ಅನ್ಕೋ."

"ಒಲಿ ಒಂದಾ?"

"ಒಂದ."

"ಒಲಿ ಆರಿದ್ರ?"

"ನಾಕೂ ಮಂದಿ ಉಪಾಸ."

"ಹಂಗಾರ ನಿಂದು ಒಲಿ ಕಾಯೋ ನೌಕರಿ. ಅದಕ್ಕ ಅಷ್ಟು ದೂರ ಯಾಕ ಹೋಗತಿ? ಇಲ್ಲೇ ಕೂಡು."

ಅಷ್ಟು ದೂರ ಎಂದರೆ ನಗರದ ಜೇವರ್ಗಿ ಕಾಲೋನಿ. ಅಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬ್. ಅದರ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್, ಅದರ ಹೊಟ್ಟೆಯಲ್ಲಿ ನಾಲ್ಕು ಯಂತ್ರ. ಒಂದರಲ್ಲಿ ರೋಗಿಗಳ ರಿಪೋರ್ಟು, ಒಂದರಲ್ಲಿ ಔಷಧದ ಸಾಮಾನು, ಒಂದು ಹಳೆಯದು, ಯಾರೂ ಮುಟ್ಟದ್ದು. ನಾಲ್ಕನೆಯದು ನನ್ನದು. "ಕಲೀರಿ, ಅದರಾಗೇನದ" ಎಂದು ಡಾಕ್ಟರು ಬಿಟ್ಟುಕೊಟ್ಟದ್ದು. ಅದರಲ್ಲಿ ಮೂರು ತಿಂಗಳಿಂದ ಕಟ್ಟುವುದು, ಕೆಡಿಸುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದೆ.

ಅದೇ ಡಾಕ್ಟರು ಆ ತಿಂಗಳ ಆರಂಭದಲ್ಲಿ ಕರೆದು ಹೇಳಿದ್ದರು. ಬರುವ ತಿಂಗಳಿನಿಂದ ಕಂಪ್ಯೂಟರುಗಳನ್ನು ಹೊರಗಿನವರು ದೂರದಿಂದಲೇ ನೋಡಿಕೊಳ್ಳುತ್ತಾರೆ, ಇಲ್ಲಿ ಒಬ್ಬರು ಕೂರುವುದು ಬೇಕಾಗುವುದಿಲ್ಲ. ಬೇರೆ ಕೆಲಸ ಸಿಗದಿದ್ದರೆ ನನ್ನ ಕಿಟಕಿ ಸೀಟು ಹೋಗುತ್ತದೆ, ತೊಗರಿ ಹೊಲ ಹೋಗುತ್ತದೆ, ಹತ್ತು ನಿಮಿಷದ ಮೌನ ಹೋಗುತ್ತದೆ ಎಂದು ಅಂದು ಬರೆದುಕೊಂಡೆ. ಒಲೆ ಕಾಯಲು ನನಗೆ ಒಲೆಯೇ ಇರುವುದಿಲ್ಲ ಎಂದು ಬರೆದು, ಅದನ್ನು ಹೊಡೆದು ಹಾಕಿದೆ.

ಗುಂಪಿನ ಬಗ್ಗೆ ಹೇಳಬೇಕು. ನನ್ನಂಥ ಕೆಲಸದವರು ಸುತ್ತಲಿನ ಊರುಗಳಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನ ಆ ಗುಂಪಿನಲ್ಲಿ ಇದ್ದಾರೆ. ಯಂತ್ರ ಕೈಕೊಟ್ಟರೆ ಅಲ್ಲಿ ಕೇಳುತ್ತಾರೆ, ಕೆಲಸ ಹೋದರೂ ಅಲ್ಲಿ ಕೇಳುತ್ತಾರೆ. ಹೆಸರು ಯಾರೂ ಹಾಕುವಂತಿಲ್ಲ. ಸೇರಿದ ದಿನವೇ ಹೆಸರು ತೆಗೆದು ಊರು ಅಥವಾ ಓಣಿ ಹಾಕಬೇಕು. ಯಾರ ಮಗ, ಯಾವ ಕಾಲೇಜು, ಯಾವ ಕಚೇರಿ ಎಂಬುದು ಬರಬಾರದು ಎಂದು ಮೊದಲಿನವರು ಮಾಡಿದ ನಿಯಮವಂತೆ. ಹಾಗಾಗಿ ನಾನು ಕಮಲಾಪುರ. ಜೇವರ್ಗಿ ಕಾಲೋನಿಯವರು ಇಬ್ಬರು, ಜೇವರ್ಗಿ ಕಾಲೋನಿ ಒಂದು ಮತ್ತು ಜೇವರ್ಗಿ ಕಾಲೋನಿ ಎರಡು. ಇಬ್ಬರಿಗೂ ದಿನಾ ಜಗಳ. ಎಲ್ಲರಿಗಿಂತ ಹಿರಿಯರು ಐವಾನ್-ಎ-ಶಾಹಿ ಓಣಿಯವರು, ಅವರನ್ನು ಎಲ್ಲರೂ ಐವಾನ್ ಕಾಕಾ ಅನ್ನುತ್ತಾರೆ. ಕಾಕಾ ಬರೆಯುವುದಿಲ್ಲ, ಆಡಿಯೊ ಕಳಿಸುತ್ತಾರೆ. ಅವರ ಮಾತಿನ ಹಿಂದೆ ಯಾವಾಗಲೂ ಕೂಲರಿನ ಸದ್ದು ಮತ್ತು ಒಂದು ಮೇಕೆ.

ಬಸ್ಸು ನಗರ ಹೊಕ್ಕು ಒಂದೊಂದೇ ಓಣಿ ದಾಟುವಾಗ ನನಗೆ ಒಂದು ಭ್ರಮೆ ಹಿಡಿಯುತ್ತಿತ್ತು. ಓಣಿಗಳೇ ಉತ್ತರ ಹೇಳುತ್ತಿವೆ, ಒಂದು ಓಣಿ ಇನ್ನೊಂದನ್ನು ಕೇಳುತ್ತಿದೆ, ಮೇಲಿನ ತಂತಿಗಳಲ್ಲಿ ಆ ಮಾತು ಹರಿದಾಡುತ್ತಿದೆ ಎಂದು. ಔಷಧದ ಅಂಗಡಿಯ ಮುಂದೆ ನಿಂತ ಯಾವ ಕನ್ನಡಕದವರನ್ನು ನೋಡಿದರೂ ಇವರೇ ಕಾಕಾ ಇರಬಹುದೇ ಅನ್ನಿಸುತ್ತಿತ್ತು.

ಎಣಿಕೆ ನನ್ನ ಚಟ. ನೂರಾ ಮೂವತ್ತು ದಿನ ತುಂಬಿದಾಗ ಒಂದು ಪುಟ ಮಾಡಿದ್ದೆ. ಗುಂಪಿನಲ್ಲಿ ಕೇಳಿದ ಪ್ರಶ್ನೆ ಇನ್ನೂರಾ ಆರು, ಉತ್ತರ ಸಿಕ್ಕವು ನೂರಾ ಎಂಬತ್ತೊಂದು. ಉಳಿದ ಇಪ್ಪತ್ತೈದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೆ. ಉತ್ತರ ಸಿಗದ ಪ್ರಶ್ನೆಗಳು ಎಲ್ಲಿಗೆ ಹೋಗುತ್ತವೆ ಎಂದು ಮಧ್ಯಾಹ್ನದ ಹೊತ್ತು ಸರ್ವರಿನ ಫ್ಯಾನ್ ಕೇಳುತ್ತ ಯೋಚಿಸುತ್ತಿದ್ದೆ. ಆ ಯಂತ್ರಗಳು ಇನ್ನೂ ಎಲ್ಲೋ ನಿಂತಿರಬೇಕು, ಎದುರಿಗೆ ಯಾರೋ ಕೂತಿರಬೇಕು.

ಕೆಲಸ ಕೇಳಲು ಶುಕ್ರವಾರ ಒಂದೇ ದಿನ. ಕೇಳುವವರು ಮೂರು ಸಾಲು ಬರೆಯಬೇಕು. ಮೊದಲ ಸಾಲು ಏನು ಗೊತ್ತು, ಎರಡನೆಯದು ಏನು ಗೊತ್ತಿಲ್ಲ, ಮೂರನೆಯದು ಯಾವ ತಪ್ಪು ಮಾಡಿದ್ದೀರಿ. ನಾಲ್ಕನೆಯ ಸಾಲು ಯಾರಾದರೂ ಬರೆದರೆ ಜೇವರ್ಗಿ ಕಾಲೋನಿ ಒಂದು ಕೂಡಲೇ "ಸಾಲ್ ಜಾಸ್ತಿ ಆಯ್ತ್ರಿ, ಜಾಗಾ ಬಿಡ್ರಿ" ಎಂದು ಹಾಕುತ್ತಾರೆ.

ನೂರಾ ಮೂವತ್ತೊಂದನೆಯ ದಿನ ಶುಕ್ರವಾರ. ನಾನು ಬಸ್ಸಿನಲ್ಲೇ ಮೂರು ಸಾಲು ಬರೆದು ಕಳಿಸಿದೆ. ಮೊದಲಿನ ಎರಡು ಬರೆಯಲು ಒಂಬತ್ತು ನಿಮಿಷ ಹಿಡಿಯಿತು. ಮೂರನೆಯದಕ್ಕೆ ಹೊತ್ತೇ ಬೇಕಾಗಲಿಲ್ಲ. "ಇನ್ನೂ ಇಲ್ಲ" ಎಂದು ಬರೆದೆ. ಅದು ನಿಜ ಎಂದೇ ತಿಳಿದಿದ್ದೆ. ಎಲ್ಲವನ್ನೂ ಬರೆದಿಡುವವಳಿಗೆ ತಪ್ಪು ಎಲ್ಲಿಂದ ಬರಬೇಕು?

"ಇನ್ನೂ ಇಲ್ಲ ಅಂತ!" ಎಂದು ಜೇವರ್ಗಿ ಕಾಲೋನಿ ಒಂದು ಹಾಕಿದರು. "ಯಾರರ ದೃಷ್ಟಿ ತಗೀರೆಪಾ ಕಮಲಾಪುರದ್ದು."

"ನಿಮ್ಮ ಮೂರನೇ ಸಾಲು ಬರದ್ರ ಪುಸ್ತಕ ಆಗತದ, ನೀವು ಸುಮ್ ಕೂಡ್ರಿ," ಎಂದು ಜೇವರ್ಗಿ ಕಾಲೋನಿ ಎರಡು ಅವರಿಗೆ ಅಂದರು.

ಅವರಿಬ್ಬರ ನಡುವೆ ಒಂದು ಸಣ್ಣ ಸಂದೇಶ ಬಂತು. ಕೋಟನೂರದ್ದು. ಅವರು ಗುಂಪಿನಲ್ಲಿ ಮಾತಾಡುವುದು ಅಪರೂಪ. ನಗರದ ಅಂಚಿನಲ್ಲಿ ಒಂದು ದೊಡ್ಡ ಕಚೇರಿಯ ಸರ್ವರ್ ಕೋಣೆ ನೋಡಿಕೊಳ್ಳುವ ಮೇಡಂ ಎಂದಷ್ಟೇ ಎಲ್ಲರಿಗೂ ಗೊತ್ತಿತ್ತು. "ಒಬ್ಬರು ಬೇಕಾಗ್ಯಾರ. ಮುಂದಿನ ಶುಕ್ರವಾರ ಮೂರಕ್ಕ ಬರ್ರಿ, ಮಾತಾಡೋಣು," ಎಂದು ಬರೆದಿದ್ದರು.

ಮರುದಿನ ಶನಿವಾರ ಸಂಜೆ ಲ್ಯಾಬ್ ಮುಚ್ಚುವ ಮುಂಚೆ ನಾನು ಪ್ರತಿ ಶನಿವಾರದ ಕೆಲಸ ಮಾಡಿದೆ. ರಿಪೋರ್ಟಿನ ಯಂತ್ರದ ಸ್ನ್ಯಾಪ್‌ಶಾಟ್ ತೆಗೆದೆ. ಯಂತ್ರ ಆ ಗಳಿಗೆಯಲ್ಲಿ ಹೇಗಿದೆಯೋ ಹಾಗೆ ಗುರುತು ಹಾಕಿಡುವುದಕ್ಕೆ ಸ್ನ್ಯಾಪ್‌ಶಾಟ್ ಅನ್ನುತ್ತಾರೆ. ಮುಂದೆ ಏನಾದರೂ ಕೆಟ್ಟರೆ ಆ ಗಳಿಗೆಗೆ ವಾಪಸು ಹೋಗಬಹುದು. ಕಲಿತ ದಿನದಿಂದ ಅದು ನನ್ನನ್ನು ಮರುಳು ಮಾಡಿತ್ತು. ಕಳೆದ ಶನಿವಾರಕ್ಕೆ ವಾಪಸು ಹೋಗುವ ಬಾಗಿಲು! ಮನುಷ್ಯರಿಗೆ ಇಲ್ಲದ್ದು ಈ ಡಬ್ಬಿಗೆ ಇದೆ. ಪ್ರತಿ ವಾರ ಒಂದು ತೆಗೆದು, ಅದಕ್ಕೊಂದು ಸಂಖ್ಯೆ ಕೊಟ್ಟು, ಸಮಯ ಬರೆದು, ಅಂದು ಯಂತ್ರದಲ್ಲಿ ಏನು ಬದಲಾಗಿತ್ತೆಂದು ಎರಡು ಸಾಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಹಳೆಯದನ್ನು ಒಂದನ್ನೂ ಅಳಿಸಿರಲಿಲ್ಲ. ದಿನಚರಿಯ ಹಾಳೆ ಯಾರಾದರೂ ಹರಿಯುತ್ತಾರೆಯೇ? ಆ ಶನಿವಾರದ್ದು ಒಂಬತ್ತನೆಯದು. ಕೆಳಗೆ ಬರೆದಿದ್ದೆ: "ಭದ್ರ."

ಸೋಮವಾರ ಒಂಬತ್ತೂವರೆಗೆ ಲ್ಯಾಬ್ ಹೊಕ್ಕಾಗ ಕೌಂಟರಿನ ಬಾಜಿ ಎದ್ದು ನಿಂತಿದ್ದರು. ಬಾಜಿ, ಅಂದರೆ ಅಕ್ಕ, ಅಲ್ಲಿ ಎಲ್ಲರಿಗಿಂತ ಹಳಬರು, ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲು ತೆಗೆಯುವವರು.

"ಬಂದ್ಯಲ್ಲಾ ಮಹಾರಾಣಿ. ನಿನ್ನ ಡಬ್ಬಿ ಮಲಗ್ಯಾದ. ಏಳೂ ಹನ್ನೆರಡಕ್ಕ ಮಲಗಿದ್ದು, ಎದ್ದೇ ಇಲ್ಲ. ಫೋನ್ ಯಾಕ ಎತ್ತಲಿಲ್ಲ?"

"ಬಸ್ಸಿನಾಗ ಇದ್ದೆ ಬಾಜಿ, ಕೇಳಿಸಲಿಲ್ಲ."

"ಬಸ್ಸಿನಾಗ ಬರಕೋತ ಕುಂತಿರತಿ, ನಂಗೊತ್ತಿಲ್ಲೇನು? ಇಲ್ಲಿ ಮಂದಿ ನೋಡು, ಖಾಲಿ ಹೊಟ್ಟಿಲೆ ಬಂದು ರಕ್ತ ಕೊಟ್ಟಾರ, ರಿಪೋರ್ಟ್ ಕೊಡೋವಂದ್ರ ಪರದಿ ಖಾಲಿ."

ಬೆಂಚಿನ ಮೇಲೆ ಹದಿನಾಲ್ಕು ಜನ. ಒಳಗೆ ಹೋಗಿ ನೋಡಿದೆ. ಸರ್ವರಿನ ಡಿಸ್ಕ್ ತುಂಬಿ ಹೋಗಿತ್ತು. ಬರೆಯಲು ಜಾಗವಿಲ್ಲದೆ ರಿಪೋರ್ಟಿನ ಯಂತ್ರ ನಿಂತಲ್ಲೇ ನಿಂತಿತ್ತು. ಜಾಗ ತಿಂದವರು ಯಾರೆಂದು ಹುಡುಕಿದರೆ ಒಂದರ ಕೆಳಗೊಂದು ಒಂಬತ್ತು ಫೈಲು. ಒಂಬತ್ತಕ್ಕೂ ನನ್ನದೇ ಸಂಖ್ಯೆ. ಬಾಗಿಲುಗಳೆಂದು ತಿಳಿದವು ಬಾಗಿಲಾಗಿರಲಿಲ್ಲ, ಗೋಡೆ ಕಟ್ಟುತ್ತ ಬಂದಿದ್ದವು.

ಆ ಹೊತ್ತಿನಲ್ಲಿ ನನಗೆ ಮೊದಲು ನೆನಪಾದದ್ದು ಬೆಂಚಿನ ಮೇಲಿನ ಜನ ಅಲ್ಲ, ಶುಕ್ರವಾರದ ಮೂರನೆಯ ಸಾಲು. ಗುಂಪಿನಲ್ಲಿ ಕೇಳಲೇಬೇಕು, ಕೇಳಿದರೆ ಕೋಟನೂರದ ಮೇಡಂ ಓದುತ್ತಾರೆ. ಆಗ ನನ್ನ ಬೆರಳು ಏನು ಬರೆಯಿತೋ ಅದನ್ನು ಇಲ್ಲಿಯೂ ಹಾಗೆಯೇ ಬರೆಯುತ್ತೇನೆ: "ಡಿಸ್ಕ್ ತುಂಬಿದೆ, ಯಂತ್ರ ನಿಂತಿದೆ. ನನಗಿಂತ ಮೊದಲು ಇದ್ದವರು ಒಂಬತ್ತು ಹಳೆಯ ಫೈಲು ಬಿಟ್ಟು ಹೋಗಿದ್ದಾರೆ. ಅಳಿಸಬಹುದೇ?"

ನನಗಿಂತ ಮೊದಲು ಅಲ್ಲಿ ಯಾರೂ ಇರಲಿಲ್ಲ.

ಜೇವರ್ಗಿ ಕಾಲೋನಿ ಎರಡು ತಕ್ಷಣ ಉತ್ತರ ಕೊಟ್ಟರು. "ಬಿಟ್ಟು ಹೋದವರದಲ್ಲ? ಅಳಸಿ ಒಗೀರಿ. ಜಾಗಾ ಆಗತದ, ತಾನ ಏಳತದ."

ಒಂಬತ್ತನ್ನೂ ಆರಿಸಿದೆ. ಅಳಿಸಲೇ ಎಂದು ಪರದೆ ಕೇಳಿತು. ಯಾವ ಕೆಲಸ ಮಾಡುವ ಮುಂಚೆಯೂ ಸಮಯ ಬರೆದುಕೊಳ್ಳುವುದು ರೂಢಿ. ಮೌಸ್ ಬಿಟ್ಟು ಪೆನ್ನು ಹಿಡಿದು "ಒಂಬತ್ತು ನಲವತ್ತೇಳು" ಎಂದು ಬರೆಯುವಷ್ಟರಲ್ಲಿ ಮೊಬೈಲ್ ನಡುಗಿತು. ಕಾಕಾ.

"ಠೈರೋ ಬೇಟಿ, ಠೈರೋ! ಹಾಥ್ ನಕ್ಕೊ ಲಗಾ! ಕೈ ಹಚ್ಚಬ್ಯಾಡ. ಯಾವ ಅಕಲ್‌ವಂತ ಅಳಸು ಅಂದಾನ? ಜೇವರ್ಗಿ ಎರಡು, ನೀ ಒಂದು ಕೆಲಸಾ ಮಾಡು, ಚಾ ಕುಡಿ ಹೋಗು." ಕೂಲರಿನ ಸದ್ದು. ಮೇಕೆ. "ನೋಡವ್ವಾ ಕಮಲಾಪುರ. ಅವು ಹಳೇ ಫೈಲ್ ಅಲ್ಲ. ಸ್ನ್ಯಾಪ್‌ಶಾಟ್ ತಗದ ಮ್ಯಾಲೆ ಯಂತ್ರ ತನ್ನ ಅಸಲೀ ಪುಸ್ತಕದಾಗ ಬರಿಯಂಗಿಲ್ಲ. ಹೊಸಾ ಹಾಳಿ ತಗೊಂಡು ಅದರಾಗ ಬರಿತದ. ಇನ್ನೊಂದು ತಗದ್ರ ಇನ್ನೊಂದು ಹಾಳಿ. ಒಂಬತ್ತು ಫೈಲ್ ಅಂದ್ರ ಒಂಬತ್ತು ಹಾಳಿ, ಒಂದಕ್ಕೊಂದು ಹೊಲದಾವ. ಮೊದಲಿಂದು ಹರದ್ರ ಮುಂದಿನ ಎಂಟೂ ಉದುರತಾವ. ಅಷ್ಟೂ ವಾರದ ರಿಪೋರ್ಟ್ ಹೋಗತಾವ. ಅಳಸೋದಲ್ಲ, ಒಂದೊಂದ ಅಸಲೀ ಪುಸ್ತಕದಾಗ ಸೇರಸಬೇಕು. ತಿಳೀತಾ?"

ಆರಿಸಿದ್ದನ್ನು ಬಿಡಿಸಿದೆ. ಪರದೆಯ ಮೇಲೆ ನನ್ನ ಮುಖ ಕಂಡಿತು.

ಎರಡನೆಯ ಆಡಿಯೊ ಬಂತು. "ಪರದಿ ಮ್ಯಾಲೆ ಎಷ್ಟು ಕಾಣತಾವ ಹೇಳು."

ಸ್ನ್ಯಾಪ್‌ಶಾಟುಗಳ ಪಟ್ಟಿ ತೆಗೆದೆ. ಫೈಲು ಒಂಬತ್ತಿದ್ದರೂ ಪಟ್ಟಿ ಆರನ್ನು ಮಾತ್ರ ತೋರಿಸುತ್ತಿತ್ತು. ಹಾಗೆಂದು ಬರೆದೆ.

"ಹೌ. ಡಿಸ್ಕ್ ತುಂಬಿದಾಗ ಪಟ್ಟಿ ಸುಳ್ಳು ಹೇಳತದ. ಅದಕ್ಕ ಆ ಮೊದಲಿದ್ದವರಿಗೆ ಫೋನ್ ಹಚ್ಚು. ಯಾವುದರ ಹಿಂದ ಯಾವುದು, ಎಂದ ತಗದಾರ, ತಗದಾಗ ಏನಿತ್ತು, ಕೇಳು. ನಂಬರ್ ಐತಲ್ಲ ಅವರದು?"

ಆಗ ಮೊಬೈಲ್ ಮೇಜಿನ ಮೇಲಿಟ್ಟೆ. ಸರ್ವರಿನ ಫ್ಯಾನ್ ಮಾತ್ರ ತಿರುಗುತ್ತಿತ್ತು. ನಾನು ಹುಟ್ಟಿಸಿದ ಆ ಮೊದಲಿದ್ದವರು ಕೋಣೆಯ ಮೂಲೆಯಲ್ಲಿ ನಿಂತಿದ್ದಾರೆ, ನನ್ನಷ್ಟೇ ಎತ್ತರ, ನನ್ನಂಥದೇ ಚೂಡಿದಾರ, ಕೈಯಲ್ಲಿ ನೋಟ್‌ಬುಕ್ ಮಾತ್ರ ಇಲ್ಲ ಅನ್ನಿಸಿತು. ನೋಟ್‌ಬುಕ್ ನನ್ನ ಕೈಯಲ್ಲಿತ್ತು. ಕಾಕಾ ಕೇಳಿದ್ದೆಲ್ಲ ಅದರಲ್ಲಿತ್ತು, ಒಂಬತ್ತು ಶನಿವಾರ, ಒಂದೊಂದರ ಸಮಯ, ಎರಡೆರಡು ಸಾಲು.

"ಮೊದಲಿದ್ದವರು ಯಾರೂ ಇಲ್ಲ ಕಾಕಾ," ಎಂದು ಬರೆದೆ. "ತೆಗೆದವಳು ನಾನೇ. ಒಂಬತ್ತೂ." ಒಂಬತ್ತು ಪುಟದ ಫೋಟೊ ತೆಗೆದು ಹಾಕಿದೆ. ಯಾವ ಪುಟವನ್ನೂ ಕತ್ತರಿಸಲಿಲ್ಲ. ಒಂಬತ್ತನೆಯದರ ಕೆಳಗಿನ "ಭದ್ರ" ಕೂಡ ಎಲ್ಲರಿಗೂ ಕಾಣುವಂತೆ ಹೋಯಿತು. ಸುಳ್ಳು ಬರೆದದ್ದಕ್ಕೂ ನಿಜ ಬರೆದದ್ದಕ್ಕೂ ನಡುವೆ ಹೋದ ಹೊತ್ತು ಹನ್ನೊಂದು ನಿಮಿಷ.

ಗುಂಪಿನಲ್ಲಿ ಯಾರು ಯಾರು ನೋಡಿದ್ದಾರೆಂದು ಕಾಣುತ್ತದೆ. ಐವಾನ್ ನೋಡಿದರು. ಜೇವರ್ಗಿ ಒಂದು ನೋಡಿದರು, ಎರಡೂ ನೋಡಿದರು. ಕೋಟನೂರ ನೋಡಿದರು, ಏನೂ ಬರೆಯಲಿಲ್ಲ.

"ಎಲಾ! ಇವರು ಪಂಚಾಂಗನ ಬರದಾರಲ್ಲರೀ!" ಎಂದು ಜೇವರ್ಗಿ ಕಾಲೋನಿ ಒಂದು ಹಾಕಿದರು.

"ನಗೋದು ಆಮ್ಯಾಲೆ," ಎಂದಿತು ಕಾಕಾನ ದನಿ. ಬೈಗುಳ ಬರುತ್ತದೆಂದು ಕಿವಿ ಗಟ್ಟಿ ಮಾಡಿಕೊಂಡಿದ್ದೆ. ಬಂದದ್ದು ಬೇರೆ. "ಮಾಷಾ ಅಲ್ಲಾ, ಅಕ್ಷರ ಎಷ್ಟು ಚಂದ ಅದಾವು. ಈಗ ಕೆಲಸಾ ಸುಲಭ ಆಯ್ತು. ಸೇರಸಾಕ ಮೊದಲು ಸ್ವಲ್ಪ ಜಾಗಾ ಬೇಕು. ಆ ಸರ್ವರಿನಾಗ ಬ್ಯಾಡಾದ್ದು ಏನರ ಅದ ಏನು?"

ಬೇಡವಾದದ್ದು ಯಾವುದೂ ಇರಲಿಲ್ಲ. ಆದರೆ ಲ್ಯಾಬಿಗೆ ಸೇರದ್ದು ಒಂದಿತ್ತು, ನನ್ನ ಕಲಿಕೆಯ ಯಂತ್ರ. ಮೂರು ತಿಂಗಳ ಮಧ್ಯಾಹ್ನಗಳು ಅದರೊಳಗಿದ್ದವು. ಸಮಯ ಬರೆದುಕೊಂಡು ಅದನ್ನು ಅಳಿಸಿದೆ. ಹೋಗಲು ಎರಡು ಸೆಕೆಂಡ್ ಕೂಡ ಹಿಡಿಯಲಿಲ್ಲ.

ಕಾಕಾ ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಮೊದಲ ಶನಿವಾರದಿಂದ ಶುರು. ಒಂದು ಸೇರುವ ತನಕ ಇನ್ನೊಂದನ್ನು ಮುಟ್ಟುವಂತಿಲ್ಲ. "ನಡುವ ಪರದಿ ಮ್ಯಾಲಿನ ಗೆರಿ ಮುಂದ ಹೋಗಂಗಿಲ್ಲ, ನಿಂತಂಗ ಕಾಣತದ. ಜೀವಾ ಚಡಪಡಿಸತದ. ಆದ್ರ ರದ್ದು ಮಾಡಬ್ಯಾಡ. ಹೊರಗ ಹೋಗಿ ಬ್ಯಾರೆ ಕೆಲಸಾ ಮಾಡು," ಎಂದರು. ಹುಲ್ಲು ಹೊದಿಸಿ ಹಣ್ಣಿಗಿಟ್ಟ ಗೊನೆಯನ್ನು ಗಳಿಗೆಗೊಮ್ಮೆ ತೆಗೆದು ನೋಡುವ ನನಗೆ ಅವ್ವ ಹೇಳುವುದೂ ಇಷ್ಟೇ.

ಹೊರಗೆ ಹೋಗಿ ಡಾಕ್ಟರಿಗೆ ಹೇಳಿದೆ, ತಪ್ಪು ನನ್ನದೇ ಎಂಬುದನ್ನೂ ಸೇರಿಸಿ. ಅವರು ಕನ್ನಡಕದ ಮೇಲಿಂದ ನೋಡಿ "ಹಳೇ ರಿಪೋರ್ಟ್ ಹೋಗತಾವೇನು?" ಎಂದರು. "ಇಲ್ಲರೀ, ಸಂಜಿಯೊಳಗ ಎಲ್ಲಾ ಬರತಾವ" ಎಂದೆ. "ಹಂಗಾರ ಅಲ್ಲೀತನಕಾ ಏನು ಮಾಡ್ತೀರಿ?" ಎಂದರು. ಅದಕ್ಕೆ ಉತ್ತರ ಬಾಜಿ ಕೊಟ್ಟರು.

"ಕೈ ಅದಾವಲ್ಲ ಡಾಕ್ಟರೇ. ಈ ಹುಡುಗಿ ಬರಿಯೂದು ಬಿಟ್ಟು ಮತ್ತೇನು ಮಾಡತಾಳ? ಬರೀಲಿ."

ರಕ್ತ ಪರೀಕ್ಷೆ ಮಾಡುವ ಯಂತ್ರಗಳು ಸರಿಯಾಗಿಯೇ ಇದ್ದವು. ಅವು ಸಣ್ಣ ಚೀಟಿಯಲ್ಲಿ ಅಂಕಿ ಕೊಡುತ್ತಿದ್ದವು. ಆ ಚೀಟಿ ನೋಡಿ ಬಾಜಿ ಗಟ್ಟಿಯಾಗಿ ಓದಿದರು, ನಾನು ಲ್ಯಾಬಿನ ಹಳೆಯ ಹಾಳೆಗಳ ಮೇಲೆ ಬರೆದೆ, ಡಾಕ್ಟರು ಚೀಟಿಗೆ ಹೋಲಿಸಿ ನೋಡಿ ಸಹಿ ಹಾಕಿದರು. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್. ಬಿಸಿಲು ಬಾಗಿಲಿನಿಂದ ಒಳಗೆ ಬಂದು ಬೆಂಚಿನ ಕಾಲು ಮುಟ್ಟಿತು, ಮೆಲ್ಲಗೆ ಕೌಂಟರಿನ ಕಡೆ ಸರಿಯಿತು. ಹಿಂದಿನ ಕೋಣೆಯಲ್ಲಿ ಶನಿವಾರಗಳು ಒಂದರೊಳಗೊಂದು ಕರಗುತ್ತಿದ್ದವು, ಇಲ್ಲಿ ಸೋಮವಾರ ನನ್ನ ಕೈಯಿಂದ ಹಾಳೆಯ ಮೇಲೆ ಇಳಿಯುತ್ತಿತ್ತು. ಎರಡರಲ್ಲಿ ನಾನು ಯಾವುದರೊಳಗೆ ಇದ್ದೇನೆಂದು ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಸಕ್ಕರೆಯ ರಿಪೋರ್ಟಿಗೆ ಕಾದಿದ್ದ ಒಬ್ಬ ಅಜ್ಜ ಮುಂದೆ ಬಾಗಿ ನೋಡಿದ. "ಕೈಲೆ ಬರದ್ರ ಸ್ವಲ್ಪ ಕಮ್ಮಿ ಬರತದೇನವ್ವಾ?"

"ಇಲ್ಲಜ್ಜ, ಅಷ್ಟ ಬರತದ."

"ಮತ್ತ ಹಂಗಾರ ಕೈಲೆ ಬರದು ಏನು ಫಾಯದಾ?" ಎಂದು ಹಾಳೆ ಮಡಚಿಕೊಂಡು ಹೋದ.

ನಡುನಡುವೆ ಒಳಗೆ ಹೋಗಿ ನೋಡುತ್ತಿದ್ದೆ. ಮೂರನೆಯ ಶನಿವಾರ ಸೇರಿತು. ನಾಲ್ಕನೆಯದು ಮುಕ್ಕಾಲು ಗಂಟೆ ಒಂದೇ ಕಡೆ ನಿಂತಿತು. ಮುಟ್ಟಲಿಲ್ಲ. ಆ ವಾರ ಏನಾಗಿತ್ತೆಂದು ಪುಟ ತಿರುವಿ ನೋಡಿದೆ. ನಗರದಲ್ಲಿ ಜ್ವರ ಹೆಚ್ಚಿ ಲ್ಯಾಬಿನಲ್ಲಿ ಕಾಲಿಡಲು ಜಾಗ ಇರದಿದ್ದ ವಾರ ಅದು. ಅದಕ್ಕೇ ಆ ಹಾಳೆ ಅಷ್ಟು ಭಾರ. ಗುಂಪಿನಲ್ಲಿ ಪ್ರತಿ ಶನಿವಾರ ಸೇರಿದಾಗಲೂ ಒಂದು ಸಾಲು ಹಾಕುತ್ತಿದ್ದೆ. ಯಾರ್ಯಾರೋ, ನಾನು ಎಂದೂ ಮಾತಾಡದ ಊರುಗಳು, ಒಂದೊಂದು ಹೂವಿನ ಚಿತ್ರ ಕಳಿಸುತ್ತಿದ್ದವು. ಜೇವರ್ಗಿ ಕಾಲೋನಿ ಎರಡು ಮಾತ್ರ ಬೇರೆಯಾಗಿ ನನಗೊಂದು ಸಂದೇಶ ಕಳಿಸಿದರು: "ಅಕ್ಕಾರ, ಅಳಸ್ರಿ ಅಂದಿದ್ದೆ. ನನ್ನ ಮಾತು ಕೇಳಿ ಅಳಸಿದ್ರ ಏನಾಗತಿತ್ತು ಅಂತ ಕೈಕಾಲು ತಣ್ಣಗಾಗ್ಯಾವು. ತಪ್ಪಾಯ್ತು." ನಾನೂ ಅದನ್ನೇ ಅವರಿಗೆ ಬರೆದೆ. ನಾನು ನಿಜ ಹೇಳಿದ್ದರೆ ಅವರು ಹಾಗೆ ಹೇಳುತ್ತಿರಲಿಲ್ಲ.

ಮೂರೂ ನಲವತ್ತಕ್ಕೆ ಒಂಬತ್ತನೆಯದು ಸೇರಿತು. ಯಂತ್ರವನ್ನು ಎಬ್ಬಿಸಿದೆ. ಪರದೆ ಬೆಳಗಿತು. ಮೂಲೆಯಲ್ಲಿದ್ದ ಅದರ ಗಡಿಯಾರ ಏಳೂ ಹನ್ನೆರಡು ತೋರಿಸುತ್ತಿತ್ತು. ಹೊರಗೆ ಮಧ್ಯಾಹ್ನ ಇಳಿಯುತ್ತಿದೆ, ಜನ ಬಂದು ಬೈದು ನಕ್ಕು ಹೋಗಿದ್ದಾರೆ, ಅದಕ್ಕೆ ಯಾವುದೂ ಗೊತ್ತಿಲ್ಲ. ಅದಕ್ಕೆ ಇನ್ನೂ ಬೆಳಿಗ್ಗೆ, ಇನ್ನೂ ಏನೂ ಕೆಟ್ಟಿಲ್ಲ. ಆ ಗಡಿಯಾರವನ್ನೇ ನೋಡುತ್ತ ಕೂತೆ. ನಾನೂ ಏಳೂ ಹನ್ನೆರಡಕ್ಕೆ ಬಸ್ಸು ಹತ್ತುವುದರಲ್ಲಿದ್ದೆ, ಮೂರನೆಯ ಸಾಲು ಇನ್ನೂ ನಿಜವಾಗಿತ್ತು. ಆಮೇಲೆ ಅಂಕಿಗಳು ಒಮ್ಮೆಗೇ ಹಾರಿ ಮೂರೂ ನಲವತ್ತೊಂದಕ್ಕೆ ಬಂದು ನಿಂತವು.

ಕೈಯಲ್ಲಿ ಬರೆದ ರಿಪೋರ್ಟು ಅರವತ್ತಮೂರು. ಅವನ್ನೆಲ್ಲ ಯಂತ್ರಕ್ಕೆ ತುಂಬಿ ಸಂಜೆ ಬಸ್ಸು ಹಿಡಿದೆ. ಕೋಟನೂರದಿಂದ ಒಂದು ಮಾತೂ ಬಂದಿರಲಿಲ್ಲ. ಬರಬೇಡಿ ಎಂದೂ ಹೇಳಿರಲಿಲ್ಲ, ಬನ್ನಿ ಎಂದೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಮೂರು ಸಾಲನ್ನು ಮತ್ತೆ ಬರೆದೆ. ಈ ಸಲ ಮೂರನೆಯದಕ್ಕೇ ಹೊತ್ತು ಹಿಡಿಯಿತು. "ಸ್ನ್ಯಾಪ್‌ಶಾಟನ್ನು ದಿನಚರಿ ಎಂದು ತಿಳಿದು ಒಂಬತ್ತು ವಾರ ತೆಗೆದೆ, ಒಂದನ್ನೂ ಸೇರಿಸಲಿಲ್ಲ. ತಪ್ಪನ್ನು ಇಲ್ಲದವರ ಮೇಲೆ ಹಾಕಿದೆ." ಜೇವರ್ಗಿ ಕಾಲೋನಿ ಒಂದು ಏನೂ ಅನ್ನಲಿಲ್ಲ. ಒಂದು ಸಾಲಿನಲ್ಲಿ ಎರಡು ತಪ್ಪು ಬರೆಯಬಹುದೇ ಎಂದು ಕೂಡ ಕೇಳಲಿಲ್ಲ.

ಮೂರಕ್ಕೆ ಹತ್ತು ನಿಮಿಷ ಇರುವಾಗ ಕೋಟನೂರದಲ್ಲಿ ಆಟೊ ಇಳಿದೆ. ಒಂದು ಕಡೆ ಹಳೆಯ ಊರಿನ ಮನೆಗಳು, ಎಮ್ಮೆ, ಇನ್ನೊಂದು ಕಡೆ ಹೊಸ ಕಟ್ಟಡಗಳು. ಮೇಡಂ ಬಾಗಿಲಿಗೆ ಬಂದರು. ನಲವತ್ತೈದು ದಾಟಿದವರು, ಇಳಕಲ್ ಸೀರೆಯ ಮೇಲೆ ಗಂಡಸರ ಸ್ವೆಟರ್. ಸರ್ವರ್ ಕೋಣೆಯ ಚಳಿಗೆ. ಕೂರಿಸಿ ನೀರು ಕೊಟ್ಟರು.

"ಮೂರನೇ ಸಾಲು ಬದಲಿ ಮಾಡೀರಿ."

"ಹೌದ್ರೀ ಮೇಡಂ."

"ಮೊದಲಿದ್ದವರು ಅಂತ ಬರದು, ಇಲ್ಲ ನಾನ ಅಂತ ಹೇಳಾಕ ಎಷ್ಟು ಹೊತ್ತು ಹಿಡೀತು?"

"ಹನ್ನೊಂದು ನಿಮಿಷ ರೀ. ಪುಸ್ತಕದಾಗ ಬರದೀನಿ."

ಅವರು ನಗಲಿಲ್ಲ. ಪುಸ್ತಕ ಕೇಳಿ ಇಸಿದುಕೊಂಡು ಆ ಪುಟಗಳನ್ನು ನಿಧಾನವಾಗಿ ಓದಿದರು. ಬೇರೆ ಪುಟ ತಿರುವಲಿಲ್ಲ. ಆಮೇಲೆ ಪ್ರಶ್ನೆ ಏನೂ ಕೇಳದೆ ಒಳಗೆ ಕರೆದುಕೊಂಡು ಹೋಗಿ ಒಂದು ಪರದೆಯ ಮುಂದೆ ಕೂರಿಸಿದರು.

"ಇಲ್ಲಿ ಅರವತ್ತು ಯಂತ್ರ ಅದಾವ. ಎಲ್ಲೆಲ್ಲಿ ಸ್ನ್ಯಾಪ್‌ಶಾಟ್ ಬಿಟ್ಟಾರ, ಯಾರು, ಎಂದ, ಯಾಕ, ಒಂದೂ ಬರದಿಲ್ಲ. ಹುಡುಕಿ ಪಟ್ಟಿ ಮಾಡ್ರಿ. ಒಂದಕ್ಕೂ ಕೈ ಹಚ್ಚಬ್ಯಾಡ್ರಿ, ಬರೀರಿ ಅಷ್ಟ."

ತಣ್ಣನೆಯ ಕೋಣೆ. ಸಾಲು ಸಾಲಾಗಿ ಹಸಿರು ದೀಪಗಳು ಮಿಣುಕುತ್ತಿದ್ದವು, ಬೇರೆ ಬೇರೆ ಹೊತ್ತಿಗೆ, ನಿದ್ದೆಯಲ್ಲಿ ಉಸಿರಾಡುವವರ ಹಾಗೆ. ಒಂದೊಂದೇ ಯಂತ್ರ ತೆಗೆದು ನೋಡಿದೆ. ಹದಿನೇಳು ಸಿಕ್ಕವು. ಒಂದೊಂದೂ ಯಾರದೋ ಒಂದು ಮಧ್ಯಾಹ್ನ. ಹೊಸದೇನೋ ಹಾಕುವ ಮುಂಚೆ ಹೆದರಿ ತೆಗೆದದ್ದು, ಕೆಲಸ ಸರಿಹೋದ ಮೇಲೆ ಮರೆತದ್ದು. ಹದಿನೇಳನೆಯದು ಎಲ್ಲಕ್ಕಿಂತ ಹಳೆಯದು, ಆರು ವರ್ಷದ್ದು. ಅದರ ಮುಂದೆ ಮಾತ್ರ ಎರಡು ಶಬ್ದ ಬರೆದಿತ್ತು: "ದಯವಿಟ್ಟು ಅಳಿಸಬೇಡಿ."

"ಮೇಡಂ, ಹದಿನೇಳನೇದ್ದು ಯಾರದ್ರಿ?"

ಮೇಡಂ ನನ್ನ ಹಿಂದೆ ಬಂದು ನಿಂತು ಪರದೆ ನೋಡಿದರು. ಸ್ವೆಟರಿನ ತೋಳು ಎಳೆದುಕೊಂಡರು.

"ಮೊದಲಿದ್ದವರದು," ಎಂದರು.

ನಾನು ತಿರುಗಿ ನೋಡಿದೆ. ಅವರ ಮುಖದಲ್ಲಿ ಏನೂ ಇರಲಿಲ್ಲ. ಒಂದು ಗಳಿಗೆಯಾದ ಮೇಲೆ ತುಟಿಯ ಮೂಲೆ ಅಲುಗಿತು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು, ನಾನೂ ನಕ್ಕೆ.

"ನಂದ ರೀ ಅದು. ಇಲ್ಲಿಗೆ ಬಂದ ಮೊದಲನೇ ವಾರ ತಗದಿದ್ದೆ. ಆಮ್ಯಾಲೆ ಸೇರಸಾಕ ಧೈರ್ಯ ಬರಲಿಲ್ಲ. ವರ್ಷ ಹೋದಂಗ ಭಾರ ಆಗಕೋತ ಹೋತು, ಭಾರ ಆದಂಗ ಅಂಜಿಕಿ ಹೆಚ್ಚಾತು. ಯಾರಿಗೂ ಹೇಳಿಲ್ಲ. ಗುಂಪಿನಾಗ ನನ್ನ ಮೂರನೇ ಸಾಲೂ ನೋಡಿಲ್ಲ ಯಾರೂ." ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ಒಂದನೇ ತಾರೀಕಿಗೆ ಕೆಲಸಕ್ಕ ಬರ್ರಿ. ಮೊದಲನೇ ಕೆಲಸಾ ಇದ. ನಿಮ್ಮ ಕಾಕಾ ಹೇಳಿದಂಗ ಇಬ್ಬರೂ ಕೂತು ಸೇರಸೋಣು. ನಡುವ ನಿಂತ್ರ ರದ್ದು ಮಾಡು ಅಂತ ನಾ ಅಂತೀನಿ, ನೀವು ಕೇಳಬ್ಯಾಡ್ರಿ."

"ಆಯ್ತ್ರೀ ಮೇಡಂ. ಇದರ ಮುಂದ ಯಾರು ತಗದಾರ ಅಂತ ಏನು ಬರೀಲ್ರಿ?"

ಅವರು ಪರದೆಯ ಹತ್ತಿರಕ್ಕೆ ಬಾಗಿದರು.

"ಕೋಟನೂರ ಅಂತ ಬರೀರಿ."

ಸಮಯ ನೋಡಿದೆ, ನಾಲ್ಕೂ ಇಪ್ಪತ್ತಾರು. ಹದಿನೇಳನೆಯ ಸಾಲಿನಲ್ಲಿ ಹಾಗೆಯೇ ಬರೆದೆ.